ದೇಸಾಯರ ಪ್ರಿಂಟರಿನಲ್ಲಿ ಎಲ್ಲರಿಗೂ ಪಾಲು

ಉಳಿದ ಮಂದಿಯ ಬಾಳಿನಲ್ಲಿ ಎದೆ ಧಸಕ್ಕೆನ್ನುವ ಸಂಗತಿಗಳು ವರ್ಷಕ್ಕೊಂದೋ ಎರಡೋ ನಡೆಯುತ್ತವಂತೆ. ನನ್ನ ಬಾಳಿನಲ್ಲಿ ಅವು ಹಾಳೆಗೊಂದರಂತೆ ಬರುತ್ತವೆ. ಅದೂ ಎರಡೂ ಅಂಚಿಗೆ ತೂತು ಹೊಡೆದ ಉದ್ದನೆಯ ಜೋಡು ಹಾಳೆ. ಒಂದನ್ನು ಹರಿದು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹಿಂದೆ ಇನ್ನೊಂದು ತಯಾರು.

ನಾನು ಚಿಕ್ಕೋಡಿ ಬಾಜೂಕಿನ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಕಾರ್ಖಾನೆಯ ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನಿಂದ ಅದಕ್ಕೆ ಕೀರ್ತಿ ಬಂತೆಂದು ಅವರು ಸೊಕ್ಕಿನಿಂದ ನಡೆದಾರು. ನಿಪ್ಪಾಣಿಯಿಂದ ಅಥಣಿಯವರೆಗೆ ನನ್ನಷ್ಟು ಕಂಪ್ಯೂಟರ್ ಬಲ್ಲವನು ಇನ್ನೊಬ್ಬನಿಲ್ಲ. ಕಾಗವಾಡದಲ್ಲಿ ಒಬ್ಬ ಇದ್ದ, ಅವನಿಗೆ ನಾನೇ ಕಲಿಸಿದ್ದು. ಅವನು ಹಾಗನ್ನುವುದಿಲ್ಲ, ಆ ಮಾತು ಬೇರೆ.

ದೇಸಾಯರ ವಾಡೆ

ನಮ್ಮಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ತೀರ ದೊಡ್ಡದೂ ಅಲ್ಲ, ಮೇಜಿನ ಮೇಲೆ ಕೂಡುವಷ್ಟು ಸಣ್ಣದೂ ಅಲ್ಲ, ನಡುವಿನ ವರ್ಗದ್ದು. ತಿಜೋರಿಯಷ್ಟು ಎತ್ತರ, ಮೈ ಕಪ್ಪು. ಅದಕ್ಕೆ ನಾವೆಲ್ಲ 'ದೇಸಾಯರು' ಅನ್ನುತ್ತೇವೆ. ಯಾಕೆಂದರೆ ತಂಪು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ತಾವಾಗಿ ಯಾರನ್ನೂ ಮಾತಾಡಿಸುವುದಿಲ್ಲ, ಆದರೆ ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಯಾರ ಕಬ್ಬು ಎಷ್ಟು ತಿಂಗಳದ್ದು ಎಂಬ ದಾಖಲೆ ಮಾತ್ರ ಅವರ ಹೊಟ್ಟೆಯೊಳಗೇ. ಹೊಲಕ್ಕೆ ಕಟಾವಿನ ಟೋಳಿ, ಅಂದರೆ ಕಬ್ಬು ಕಡಿಯುವವರ ಗುಂಪು, ಹೋಗಬೇಕಾದರೆ ದೇಸಾಯರು ಹಳದಿ ಚೀಟಿ ಹೊಡೆದು ಕೊಡಬೇಕು. ಚೀಟಿ ಇಲ್ಲದೆ ಒಂದು ಕಬ್ಬೂ ಬೀಳುವುದಿಲ್ಲ.

ಹೊರಗಿನ ಹಾಲಿನಲ್ಲಿ ಹದಿನೆಂಟು ಪಿಸಿಗಳು. ಅವನ್ನೆಲ್ಲ ಒಂದು ಜಾಲದಲ್ಲಿ ಕಟ್ಟಿ ಆಳುವವಳು ಅಥಣಿ ಕಡೆಯ ಎಂಜಿನಿಯರ್ ಮೇಡಂ. ಚುರುಕು ಹುಡುಗಿ, ಮಾತು ಕಡಿಮೆ. ನಾನು ಮಾತಾಡುವಾಗ ಅವಳು ನಗುವುದಿಲ್ಲ, ಮುಗಿದ ಮೇಲೆ ನಗುತ್ತಾಳೆ. ಅದು ಹೆಚ್ಚು ಚುಚ್ಚುತ್ತದೆ.

ಈ ಹಂಗಾಮಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕಿದ ದಿನವೇ ದೇಸಾಯರ ಸ್ವಂತ ಪ್ರಿಂಟರ್ ಕಣ್ಣು ಮುಚ್ಚಿತು. ನಿಪ್ಪಾಣಿಯಿಂದ ಬರುವ ನಮ್ಮ ರಿಪೇರಿ ಚಾಚಾ ಅದರ ಮುಚ್ಚಳ ತೆಗೆದು ನೋಡಿದರು, ಟೋಪಿ ಸರಿ ಮಾಡಿಕೊಂಡರು. "ಭಾಯ್ಸಾಬ್, ಇದಕ್ಕ ದವಾ ಮುಗೀತು, ಇನ್ನ ದುವಾ ಅಷ್ಟ ಉಳೀತು" ಅಂದರು.

ಪಿಸಿ ಕಡೆಗೆ ಒಂದು ದೊಡ್ಡ ಹೊಸ ಪ್ರಿಂಟರ್ ಇತ್ತು. ಜನರಲ್ ಮ್ಯಾನೇಜರ್ ಸಾಹೇಬರು ನಮ್ಮಿಬ್ಬರನ್ನೂ ಕರೆದರು.

"ಮುಂದಿನ ಹಂಗಾಮಿನ ತನಕಾ ಹೊಸಾ ಪ್ರಿಂಟರ್ ಇಲ್ಲ. ಒಂದರೊಳಗ ಇಬ್ಬರೂ ಹೊಡಕೋರಿ. ಆಕೈತಿಲ್ಲೋ?"

ಮೇಡಂ, "ನೋಡಬೇಕ್ರಿ ಸರ್. ಎರಡರದೂ ಭಾಷಾ ಬ್ಯಾರೆ ಐತಿ" ಅಂದಳು. ನೋಡಬೇಕು ಅನ್ನುವುದು ನನ್ನ ಜಾತಕದಲ್ಲೇ ಇಲ್ಲ.

"ಸಾಹೇಬ್ರ, ಎಂಟು ದಿನ ಕೊಡ್ರಿ. ಇಬ್ಬರನ್ನೂ ಒಂದ ತಾಟಿನ್ಯಾಗ ಉಣ್ಣಸ್ತೀನಿ" ಅಂದೆ.

"ಎಂಟು ಬ್ಯಾಡ, ಈ ತಿಂಗಳ ಪೂರ್ತಿ ತಗೋರಿ," ಸಾಹೇಬರು ಕನ್ನಡಕ ಇಳಿಸಿದರು. "ಮುಂದಿನ ತಿಂಗಳ ಮೊದಲನೇ ಸೋಮವಾರ ನಾನು ನೋಡಾವ. ಅವತ್ತಿಗೂ ಗೊಂದಲ ಇತ್ತಂದ್ರ ನಿಮ್ಮ ದೇಸಾಯರನ್ನ ಮೋಡಕಾದವಗ ಗುಜರಿ ತೂಕಕ್ಕ ಹಾಕತೀನಿ. ನೀವು ರಾಯಬಾಗ ರಸ್ತೆದಾಗಿನ ಯಾರ್ಡಿಗೆ ಹೋಗಿ ಬಿಸಲಾಗ ಕಬ್ಬಿನ ಗಾಡಿ ಎಣಸ್ರಿ."

ದೇಸಾಯರನ್ನು ಬಿಟ್ಟರೆ ಈ ಜಗತ್ತಿನಲ್ಲಿ ನನಗೆ ಬೇರೆ ಏನೂ ಬರುವುದಿಲ್ಲ. ಈ ಮಾತನ್ನು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಹೊರಗೆ ಬಂದು ಮೇಡಂಗೆ ಹೇಳಿದ್ದು ಬೇರೆ: "ನೋಡವ್ವಾ, ಸಾಹೇಬರಿಗೆ ನನ್ನ ಮ್ಯಾಲ ಎಷ್ಟ ಭರೋಸಾ ಐತಿ, ಕೇಳದನ ತಿಂಗಳ ಕೊಟ್ರು."

ಅವಳು ನಾನು ಮುಗಿಸುವವರೆಗೆ ಕಾದು ನಕ್ಕಳು.

ಕಾಗದದ ಹೊಳೆ

ಮೊದಲ ಪರೀಕ್ಷೆಗೆ ಸಣ್ಣದೊಂದು ಪಟ್ಟಿ ಸಾಕೆಂದು ಕರೋಶಿಯ ರೈತರ ಯಾದಿಯನ್ನು ದೇಸಾಯರಿಂದ ಕಳಿಸಿದೆ. ನಾಲ್ಕೈದು ಹಾಳೆಯ ಮಾತು. ಪ್ರಿಂಟರ್ ಗರ್ ಅಂತ ಶುರುವಾಯಿತು. ನಾನು ಚಾಚಾನ ಹೆಗಲ ಮೇಲೆ ಕೈ ಹಾಕಿ, "ನೋಡಿದ್ರೇನು, ಒಂದ ಏಟಿಗೆ ಎರಡೂ ಮಷೀನು ಬೀಗರಾದ್ವು" ಅಂದೆ. ಇಬ್ಬರೂ ರೊಟ್ಟಿ ಗಂಟು ಬಿಚ್ಚಲು ಬೇವಿನ ಮರದ ಕೆಳಗೆ ಹೋದೆವು. ಚಾಚಾನ ಡಬ್ಬಿಯಲ್ಲಿ ಅವತ್ತು ಮಟನ್ ಇತ್ತು, ಆದ್ದರಿಂದ ಊಟ ಸ್ವಲ್ಪ ದೀರ್ಘವಾಯಿತು.

ತಿರುಗಿ ಬರುವಾಗ ಮೆಟ್ಟಿಲ ಮೇಲೆ ಏನೋ ಬೆಳ್ಳಗೆ ಇಳಿದು ಬರುತ್ತಿತ್ತು. ಧೋತರ ಒಣಹಾಕಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಕಾಗದ! ಪ್ರಿಂಟರಿನಿಂದ ಹೊರಟು, ಹಾಲು ದಾಟಿ, ಬಾಗಿಲು ದಾಟಿ, ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡಿನ ಕಡೆಗೆ ಹೊರಟಿದೆ. ಇನ್ನೊಂದು ತಾಸು ಬಿಟ್ಟಿದ್ದರೆ ಮೊದಲ ತುದಿ ಶಿರಗುಪ್ಪಿ ಮುಟ್ಟಿ ಬಸ್ಸಿಗೆ ಕೈ ಮಾಡುತ್ತಿತ್ತು. ಗೇಟಿನ ವಾಚ್‌ಮನ್ ಪಾಪ, ಕಾರ್ಖಾನೆಯ ಗುಟ್ಟು ಹೊರಗೆ ಹೋಗಬಾರದೆಂದು ತುದಿಯನ್ನು ಹಿಡಿದು ಪಂಚೆಯಂತೆ ನಿರಿಗೆ ಹಾಕುತ್ತ ನಿಂತಿದ್ದ.

ಆಗಿದ್ದು ಇಷ್ಟೇ. ಒಂದು ಸಾಲು ಮುಗಿದಾಗ ದೇಸಾಯರು ಕೊಡುವ ಸನ್ನೆಗೆ ಹಳೆಯ ಪ್ರಿಂಟರ್ ಒಂದು ಸಾಲು ಕೆಳಗಿಳಿಯುತ್ತಿತ್ತು. ಹೊಸದು ಒಂದು ಪೂರ್ತಿ ಹಾಳೆಯನ್ನೇ ಎಸೆಯುತ್ತಿತ್ತು. ಒಬ್ಬ ರೈತನಿಗೆ ಒಂದು ಹಾಳೆ. ಮೇಲ್ಗಡೆ ಹೆಸರು, ಕೆಳಗೆಲ್ಲ ಬಯಲು.

ಸಾಹೇಬರು ಬಂದರು. ಒಂದು ಹಾಳೆ ಎತ್ತಿದರು, ಒಂದು ಹೆಸರು. ಇನ್ನೊಂದು ಎತ್ತಿದರು, ಇನ್ನೊಂದು ಹೆಸರು.

"ಏನ್ರಿ ಇದು?"

ಹೆದರಿದಾಗ ನನ್ನ ಬಾಯಿ ನನ್ನ ಕೈಯಲ್ಲಿರುವುದಿಲ್ಲ. "ಸಾಹೇಬ್ರ, ರೈತರಿಗೆ ಇಷ್ಟು ಜಾಗಾ ಈ ತನಕಾ ಯಾವ ಕಾರ್ಖಾನೆನೂ ಕೊಟ್ಟಿದ್ದಿಲ್ಲ" ಅಂದೆ.

ಹೆಸರಿನ ಹುಚ್ಚು

ಸನ್ನೆ ಸರಿಯಾಯಿತು, ಮೇಡಂ ಸರಿ ಮಾಡಿದಳು. ನಾನು ಪಕ್ಕದಲ್ಲಿ ನಿಂತು ಧೈರ್ಯ ಹೇಳಿದೆ. ಆದರೆ ಎರಡು ಮನೆಯ ಹಾಳೆಗಳು ಕಲಸಬಾರದಲ್ಲ? ಅದಕ್ಕೆ ನಾನೊಂದು ಹಿಕಮತ್ತು ಮಾಡಿದೆ. ಪ್ರತಿಯೊಬ್ಬರ ಕಾಗದಕ್ಕಿಂತ ಮೊದಲು ಒಂದು ಗುರುತಿನ ಹಾಳೆ ಬರುವ ಹಾಗೆ, ಅದರ ತುಂಬ ಕಳಿಸಿದವರ ಹೆಸರು ಗೇಣುದ್ದದ ಅಕ್ಷರದಲ್ಲಿ.

ನಮ್ಮ ಕಡೆ ಹೆಸರು ಅಷ್ಟು ದೊಡ್ಡದಾಗಿ ಬರಬೇಕಾದರೆ ಒಂದೋ ಆರಿಸಿ ಬಂದಿರಬೇಕು, ಇಲ್ಲಾ ತೀರಿಕೊಂಡಿರಬೇಕು. ಎರಡನೇ ದಿನದಿಂದ ಹಾಲಿನಲ್ಲಿ ಕೆಲಸ ಭರಾಟೆಯಿಂದ ನಡೆಯತೊಡಗಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ರಿಂಟೋ ಪ್ರಿಂಟು. ಸಾಹೇಬರೂ ಖುಷಿಯಾದರು. ಆಮೇಲೆ ನೋಡಿದರೆ ಗುರುತಿನ ಹಾಳೆಯ ಹಿಂದೆ ಕಾಗದವೇ ಇಲ್ಲ! ಖಾಲಿ ಹಾಳೆ ಕಳಿಸುವುದು, ಹೆಸರು ಹರಿದುಕೊಂಡು ಹೋಗುವುದು. ಒಬ್ಬ ಟ್ರ್ಯಾಕ್ಟರಿನ ಮುಂಭಾಗಕ್ಕೆ ಅಂಟಿಸಿದ್ದ, ಇನ್ನೊಬ್ಬ ದೇವರ ಮನೆಯ ಬಾಗಿಲಿಗೆ.

ಬೈಯಬೇಕೆಂದು ನಾನು ಸಿಟ್ಟಿನಿಂದ ಚಾಚಾನ ಮನೆಗೆ ಹೋದೆ, ಈಗ ಪ್ರಿಂಟರಿನ ಪಕ್ಕ ಕೂತು ಹಾಳೆ ಹರಿದು ಕೊಡುವವರು ಅವರೇ ಅಲ್ಲವೇ. ಬಾಗಿಲಿಗೆ ಒಂದು ಗೇಣಿನ ಅಕ್ಷರ. ಹೆಸರು ಚಾಚಾನದಲ್ಲ, ಚಾಚಿಯದು.

"ಮನಿ ಯಾರದಂತ ಮಂದಿಗೆ ಗೊತ್ತಿರಬೇಕಲ್ರಿ" ಅಂದರು ಚಾಚಾ.

ಉಪ್ಪಿಟ್ಟಿನ ಪಾಳಿ

ನಮ್ಮ ಭಾಗದಲ್ಲಿ ಮನುಷ್ಯ ಎಲ್ಲವನ್ನೂ ಸಹಿಸುತ್ತಾನೆ, ಕಬ್ಬಿನ ಪಾಳಿ ತಪ್ಪಿದರೆ ಸಹಿಸುವುದಿಲ್ಲ. ಮೊದಲು ನಾಟಿ ಮಾಡಿದವನ ಕಬ್ಬು ಮೊದಲು ಕಡಿಯಬೇಕು, ಇದು ಕಾಯದೆ. ಯಾರದೋ ವಶೀಲಿಯಿಂದ ಹಿಂದಿನವನದು ಮುಂದೆ ಹೋಗುತ್ತದೆ, ಇದು ರೂಢಿ. ಎರಡರ ನಡುವೆ ಜಗಳ, ಇದು ಹಂಗಾಮು.

"ನಮ್ಮ ಚೀಟಿ ಬಂತೇನ್ರಿ" ಎಂದು ಕಿಟಕಿಯಲ್ಲಿ ರೈತರು ಕೇಳುವುದು ತಪ್ಪಲಿ ಎಂದು ಮೇಡಂ ಒಂದು ಪರದೆಯನ್ನು ಹೊರಗೆ ಮುಖ ಮಾಡಿ ಇಟ್ಟಳು. ಪ್ರಿಂಟರಿನಲ್ಲಿ ಯಾರ ಕೆಲಸದ ಹಿಂದೆ ಯಾರದು ಕಾದಿದೆ ಎಂದು ಅದರಲ್ಲಿ ಸಾಲಾಗಿ ಕಾಣುತ್ತಿತ್ತು. ಒಳ್ಳೆಯ ವಿಚಾರ. ಒಳ್ಳೆಯ ವಿಚಾರಗಳಿಂದಲೇ ಬಡಿದಾಟಗಳಾಗುವುದು.

ಕರೋಶಿಯ ಒಬ್ಬ ಮುದುಕ ಕನ್ನಡಕ ಏರಿಸಿ ಪರದೆ ಓದಿದ.

"ಇದೇನ್ರಿ, ನನ್ನ ಚೀಟಿಕಿಂತ ಮುಂದ ಒಂದ ನಿಂತೈತಲ್ಲ, ಅದ ಯಾರ ಕಬ್ಬು?"

ನೋಡಿದೆ. "ಅದು ಕಬ್ಬಲ್ಲ ಅಜ್ಜಾ, ಕ್ಯಾಂಟೀನಿಂದು. ನಾಳಿನ ನಾಷ್ಟಾದ ಪಟ್ಟಿ."

"ಏನ್ ನಾಷ್ಟಾ?"

"ಉಪ್ಪಿಟ್ಟು."

ಮುದುಕ ತಲೆಗೆ ಸುತ್ತಿದ್ದ ಪಟಕಾ ತೆಗೆದು ಕಿಟಕಿಯ ಕಟ್ಟೆಗೆ ಬಡಿದ. "ನನ್ನ ಕಬ್ಬು ಹೂ ಬಿಟ್ಟು ಒಣಗಾಕತ್ತೈತಿ, ಇಲ್ಲಿ ಉಪ್ಪಿಟ್ಟಿನ ಪಾಳಿ ಮುಂದ! ಉಪ್ಪಿಟ್ಟು ಯಾವಾಗ ನಾಟಿ ಮಾಡಿದ್ರಿ, ತಾರೀಖು ತೋರಸ್ರಿ!"

ಗದ್ದಲ ಎದ್ದಿತು. ಕಿಟಕಿಯಲ್ಲಿದ್ದ ಇಪ್ಪತ್ತು ಮಂದಿಯೂ ಉಪ್ಪಿಟ್ಟಿನ ವಿರುದ್ಧ ಒಂದಾದರು. ಕ್ಯಾಂಟೀನಿನವನು ಅಡುಗೆಮನೆಗೆ ಕದ ಹಾಕಿಕೊಂಡ.

ಅವರನ್ನು ಸಮಾಧಾನ ಮಾಡಲು ನನ್ನ ಬಾಯಿ ಮತ್ತೆ ಜಾರಿತು. ದೇಸಾಯರಲ್ಲಿ ಒಂದು ಅನುಕೂಲವಿದೆ, ಕೆಲಸಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕಿ ಕೊಡಬಹುದು, ಒಂದು ಕೊಟ್ಟರೆ ಎಲ್ಲರಿಗಿಂತ ಮುಂದೆ ಎಂದು ಹೇಳಿಬಿಟ್ಟೆ. ಮುದುಕನ ಚೀಟಿಗೆ ಒಂದು ಕೊಟ್ಟೆ. ಅವನು ಆಶೀರ್ವಾದ ಮಾಡಿ ಹೋದ, ಹೋಗುವಾಗ ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿಕೊಂಡು ಹೋದ.

ಮರುದಿನ ಮುಂಜಾನೆಯಿಂದ ಫೋನು. ಒಬ್ಬ ಡೈರೆಕ್ಟರ್: "ನಮ್ಮ ಊರಿಂದಕ್ಕ ಒಂದು ಹಾಕ್ರಿ." ಇನ್ನೊಬ್ಬರು: "ಅವರಿಗೆ ಒಂದು ಹಾಕೀರಂತ, ನಮಗೂ ಹಾಕ್ರಿ." ಮೂರನೆಯವರಿಗೆ ಸಂಶಯ: "ಒಂದಕ್ಕಿಂತ ಮುಂದಿಂದು ಏನರೆ ಐತೇನ್ರಿ? ಸೊನ್ನಿ?" ಯಾರಿಗೆ ಇಲ್ಲ ಅನ್ನಲಿ? ಸಂಜೆಯ ಹೊತ್ತಿಗೆ ದೇಸಾಯರಲ್ಲಿದ್ದ ಎಲ್ಲ ಚೀಟಿಗೂ ಒಂದೇ ಅಂಕಿ. ಎಲ್ಲರೂ ಒಂದಾದ ಮೇಲೆ ದೇಸಾಯರು ಏನು ಮಾಡಿದರು? ಮೊದಲು ಬಂದದ್ದನ್ನು ಮೊದಲು ಹೊಡೆದರು. ಪಾಳಿ ಮುಂಚೆ ಹೇಗಿತ್ತೋ ಹಾಗೇ, ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ.

ಆದರೆ ಅವತ್ತಿನಿಂದ ಒಂದು ತಕರಾರೂ ಬರಲಿಲ್ಲ. ಐದು ತಾಲೂಕಿನಲ್ಲಿ ಪ್ರತಿಯೊಬ್ಬನೂ ವಶೀಲಿ ನಡೆಯಿತೆಂದು ಮೀಸೆ ತಿರುವುತ್ತಿದ್ದ. ಕ್ಯಾಂಟೀನಿನವನು ಮಾತ್ರ ಹಿಂದಿನ ಬಾಗಿಲಿಂದ ಬಂದು ಪಿಸುಗುಟ್ಟಿದ: "ಕಾಕಾ, ಉಪ್ಪಿಟ್ಟಿಗೂ ಒಂದು ಹಾಕ್ರಿ, ಮಂದಿ ಮುಂದ ಮಾನ ಹೋಗೇತಿ."

ಒಂದು ಅಕ್ಷರ

ದೇಸಾಯರಿಗೆ ಒಂದು ಚಟವಿದೆ. ಬಿಳಿ ಹಾಳೆ ತೆಗೆದು ಹಳದಿ ಚೀಟಿಯ ಕಾಗದ ಹಾಕುವ ಸಮಯ ಬಂದಾಗ ಅವರು ನಿಂತುಬಿಡುತ್ತಾರೆ. 'ಕಾಗದ ಬದಲಿಸಿದಿರೋ?' ಎಂದು ಪರದೆಯಲ್ಲಿ ಕೇಳುತ್ತಾರೆ. G ಎಂಬ ಒಂದು ಅಕ್ಷರ ಒತ್ತಿ ಉತ್ತರ ಕೊಡಬೇಕು. ಕೊಡದಿದ್ದರೆ ನಾಳೆ ಕೊಟ್ಟೀರಿ ಎಂದು ಕಾದು ಕೂಡುತ್ತಾರೆ. ಮೊದಲು ಅವರ ಪ್ರಿಂಟರ್ ಅಷ್ಟೇ ನಿಲ್ಲುತ್ತಿತ್ತು. ಈಗ ಪ್ರಿಂಟರ್ ಒಂದೇ ಆದ್ದರಿಂದ ಅವರು ನಿಂತರೆ ಹಾಲಿನ ಹದಿನೆಂಟೂ ಪಿಸಿಗಳು ಹಿಂದೆ ನಿಲ್ಲುತ್ತವೆ.

ಆ ಉತ್ತರ ಕೊಡುವ ಅಧಿಕಾರ ಇಡೀ ಕಾರ್ಖಾನೆಯಲ್ಲಿ ನನ್ನೊಬ್ಬನಿಗೇ. ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ. ಮನುಷ್ಯನಿಗೆ ಕಿಮ್ಮತ್ತು ಬೇಕಲ್ಲ?

ಅವತ್ತು ಅಥಣಿಯಲ್ಲಿ ಹೆಂಡತಿಯ ತಮ್ಮನ ಮನೆಯ ವಾಸ್ತುಶಾಂತಿ. ನಾನು ಎಲೆಯ ಮುಂದೆ ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ ಮೇಡಂ ಫೋನು.

"ಕಾಕಾ, ದೇಸಾಯರು ಪ್ರಶ್ನೆ ಕೇಳಿ ನಿಂತಾರ. ಎಲ್ಲಾ ಬಂದ್ ಆಗೈತಿ. ಟೋಳಿಯವರು ಚೀಟಿ ಇಲ್ಲದ ಕುಂತಾರ. ಪಾಸ್‌ವರ್ಡ್ ಹೇಳ್ರಿ."

"ನಾನ ಬರ್ತೀನಿ ತಡಿ."

"ನೀವು ಬರೂದ್ರಾಗ ಗಿರಣಿ ಕಬ್ಬಿಲ್ಲದ ನಿಲ್ಲತೈತಿ. ಹೇಳ್ರಿ."

ಹೇಳುವ ಹಾಗಿರಲಿಲ್ಲ. ಯಾಕೆಂದರೆ ಆ ಪಾಸ್‌ವರ್ಡನ್ನು ನಾನು ಇಟ್ಟದ್ದು ರಾಯಬಾಗ ಯಾರ್ಡಿನ ಮಾತು ಕೇಳಿ ಸಿಟ್ಟು ನೆತ್ತಿಗೇರಿದ್ದ ದಿನ.

"ಬಾಜೂಕ ಯಾರರೆ ಅದಾರೇನು?"

"ಕೆಲಸದ ಮಂದಿ ಅಷ್ಟ ಅದಾರ. ಕೈ ಖಾಲಿ ಇಲ್ಲ, ಸ್ಪೀಕರ್ ಹಾಕೀನಿ. ಒಂದೊಂದ ಅಕ್ಷರ ಹೇಳ್ರಿ, ಹೊಡಿತೀನಿ."

ಪಂಕ್ತಿಯಲ್ಲಿದ್ದ ಬೀಗರಿಗೆಲ್ಲ ಕೇಳದ ಹಾಗೆ ಬಾಯಿಗೆ ಎಡಗೈ ಅಡ್ಡ ಇಟ್ಟು ಶುರು ಮಾಡಿದೆ. "ಎಮ್. ಎ. ಎನ್. ಜಿ. ವಾಯ್. ಎ."

ಅತ್ತ ಕೀಲಿ ಒತ್ತುವ ಸದ್ದು. "ಮಂಗ್ಯಾ. ಆತ್ರಿ. ಮುಂದ?"

"ಎಸ್. ಎ. ಬಿ."

ಅತ್ತ ಖುರ್ಚಿ ಸರಿದ ಸದ್ದು. ಈ ಸಲ ಮಾತಾಡಿದ್ದು ಮೇಡಂ ಅಲ್ಲ. ಬೇರೊಂದು ದನಿ ಬಂತು, ಗಂಡು ದನಿ, ಬಹಳ ಪರಿಚಯದ್ದು.

"ಮಂಗ್ಯಾ ಸಾಬ್. ಇಷ್ಟನೋ, ಮುಂದ ಇನ್ನೂ ಐತೋ?"

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟೆ. ಸಾಹೇಬರು! ಓಡಲು ಅಥಣಿ ಸಾಲದು, ಮಹಾರಾಷ್ಟ್ರದ ಗಡಿ ದಾಟಬೇಕಾದೀತು ಅನ್ನಿಸಿತು. ಆದರೆ ಗಿರಣಿ ನಿಲ್ಲಬಾರದಲ್ಲ.

"ಇನ್ನೊಂದು ಐತ್ರಿ ಸಾಹೇಬ್ರ," ಅಂದೆ. "ಕಡೀಕ ಅಂಕಿ ಒಂದು."

"ಒಂದನೇ ನಂಬರಿನ ಮಂಗ್ಯಾ ಅಂದಂಗಾತು" ಅಂದರು ಸಾಹೇಬರು, ಮತ್ತೆ ಸಮಾಧಾನದಿಂದಲೇ, "ಉಣ್ರಿ, ಸಾವಕಾಶ ಉಣ್ರಿ. ಯಾರ್ಡಿನ್ಯಾಗ ಹೋಳಿಗಿ ಸಿಗೂದಿಲ್ಲ."

ಟೋಳಿ ಬಂತು

ಮೊದಲನೇ ಸೋಮವಾರ ನಾಳೆಗೆ ಬಂದು ನಿಂತಿತ್ತು. ಪ್ರಿಂಟರ್ ಈಗ ಸರಿಯಾಗಿಯೇ ನಡೆಯುತ್ತಿತ್ತು ಅನ್ನಬೇಕು. ಒಂದೇ ಒಂದು ಸಣ್ಣ ಊನ. ದೇಸಾಯರು ಹಳದಿ ಚೀಟಿ ಹೊಡೆಯುತ್ತ ನಡುವೆ ಉಸಿರು ತೆಗೆದುಕೊಂಡರೆ, ಯಾವುದಾದರೂ ಪಿಸಿಯ ಕಾಗದ ಆ ಸಂದಿಯಲ್ಲಿ ನುಗ್ಗಿ ಹಳದಿ ಕಾಗದದ ಮೇಲೇ ಹೊಡೆದುಕೊಂಡುಬಿಡುತ್ತಿತ್ತು. ತಿಂಗಳಲ್ಲಿ ಎರಡು ಸಲ ಆಗಿತ್ತು, ಎರಡನ್ನೂ ನಾನು ಹರಿದು ಕಿಸೆಗೆ ಹಾಕಿಕೊಂಡಿದ್ದೆ. ಸಾಹೇಬರಿಗೆ ತಿಳಿಯದಂತೆ ಒಂದು ದಿನ ದಾಟಿದರೆ ಗೆದ್ದೆ.

ಆ ಭಾನುವಾರ ನಾನು ಅಕ್ಕೋಳದಲ್ಲಿದ್ದೆ. ನಮ್ಮ ಕಬ್ಬಿನ ವಿಭಾಗದ ಗುಮಾಸ್ತನ ಮಗಳನ್ನು ನೋಡಲು ರಾಯಬಾಗ ಕಡೆಯಿಂದ ಬೀಗರು ಬರುವವರಿದ್ದರು. ಗುಮಾಸ್ತ ಮೆತ್ತಗಿನ ಮನುಷ್ಯ. ಹಿಂದಿನ ದಿನ ನನ್ನ ಕೈ ಹಿಡಿದು, "ಕಾಕಾ, ನನಗ ಹೊಲಾ ಇಲ್ಲ, ಮನಿ ಇಲ್ಲ, ಇರೂದು ಪಗಾರ ಅಷ್ಟ. ನೀವು ದೊಡ್ಡ ದೊಡ್ಡ ಮಾತು ಚೊಲೋ ಆಡ್ತೀರಿ, ಬಂದು ಕುಂಡ್ರಿ" ಅಂದಿದ್ದ. ಇಂಥ ಸಹಾಯಕ್ಕೆ ನಾನು ಯಾವತ್ತೂ ಇಲ್ಲ ಅಂದವನಲ್ಲ.

ಬೀಗರು ಬಂದರು. ವರ ಒಳ್ಳೆಯ ಹುಡುಗ, ನೆಲ ನೋಡುತ್ತ ಕೂತ. ವರನ ತಂದೆ ಹತ್ತು ಎಕರೆ ಕಬ್ಬಿನ ಒಕ್ಕಲಿಗ. ಅವಲಕ್ಕಿಯ ತಾಟನ್ನು ಮುಟ್ಟಲಿಲ್ಲ, ಚಹಾ ಆರಿಹೋಯಿತು. ನಾನು ದೇಸಾಯರ ಕಥೆ ಹೇಳಿದೆ, ನನ್ನ ಕಥೆ ಹೇಳಿದೆ, ಗುಮಾಸ್ತನಿಲ್ಲದಿದ್ದರೆ ಕಾರ್ಖಾನೆಯ ಚಿಮಣಿಯಿಂದ ಹೊಗೆಯೇ ಬರುವುದಿಲ್ಲ ಎಂದೂ ಹೇಳಿದೆ. ಆ ಮನುಷ್ಯ "ಹೂಂ" ಅಂದ, ಅಷ್ಟೇ. "ಬಯೋಡಾಟಾ ನೋಡೇವಿ. ವಿಚಾರ ಮಾಡಿ ಹೇಳತೇವ್ರಿ" ಎಂದು ಟೋಪಿ ಎತ್ತಿಕೊಂಡ. ವಿಚಾರ ಮಾಡಿ ಹೇಳುತ್ತೇವೆ ಅಂದವರು ಈ ತನಕ ಯಾರೂ ಹೇಳಿದ್ದಿಲ್ಲ. ಗುಮಾಸ್ತನ ಮುಖ ಇಳಿಯಿತು.

ಅಷ್ಟರಲ್ಲಿ ಹೊರಗೆ ದಡದಡ ಸದ್ದು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ. ಅದರಲ್ಲಿ ಹನ್ನೆರಡು ಜೋಡಿ ಗಂಡ ಹೆಂಡತಿ, ಅವರ ಮಕ್ಕಳು, ಮೂರು ಆಡು, ಬುಟ್ಟಿಯಲ್ಲಿ ಕೋಳಿ. ದೊಡ್ಡವರೆಲ್ಲರ ಕೈಯಲ್ಲೂ ಕಬ್ಬು ಕಡಿಯುವ ಹೊಳೆಯುವ ಕತ್ತಿ, ಕೊಯ್ತಾ. ಮಹಾರಾಷ್ಟ್ರದಿಂದ ಬಂದ ಕಟಾವಿನ ಟೋಳಿ. ಅವರ ಮೇಸ್ತ್ರಿ, ಮುಕಾದಮ, ಬಾಗಿಲಿಗೆ ಬಂದು ನಿಂತು ಕೇಳಿದ, "ರಾಮ್ ರಾಮ್. ಊಸ್ ಕುಠಂ ಹಾಯ್?"

ಕಬ್ಬು ಎಲ್ಲಿದೆ ಅಂತ! ಗುಮಾಸ್ತ ಅಂಗಳ ನೋಡಿದ. ಅಂಗಳದಲ್ಲಿ ಒಂದು ತುಳಸಿ ಗಿಡ.

"ಯಾವ ಕಬ್ಬೋ ಮಾರಾಯಾ?"

ಮುಕಾದಮ ಹಳದಿ ಚೀಟಿ ಮುಂದೆ ಹಿಡಿದ. ನಾನು ಇಸಕೊಂಡು ಓದಿದೆ. ಮೇಲೆ ಮೊದಲೇ ಅಚ್ಚಾದ ದಪ್ಪ ಅಕ್ಷರ: 'ಕಬ್ಬು ಕಟಾವು ಆದೇಶ. ಇಪ್ಪತ್ನಾಲ್ಕು ತಾಸಿನೊಳಗೆ ಕಡಿದು ಸಾಗಿಸತಕ್ಕದ್ದು.' ಅದರ ಕೆಳಗೆ, 'ನಾಟಿ ದಿನಾಂಕ' ಎಂಬುದರ ಎದುರು ಹುಡುಗಿಯ ಹುಟ್ಟಿದ ತಾರೀಖು. 'ತಳಿ' ಎಂಬುದರ ಎದುರು ಬಿ.ಎಸ್ಸಿ., ಬಿ.ಎಡ್. 'ಬೆಳೆಯ ಸ್ಥಿತಿ' ಎಂಬುದರ ಎದುರು ಗೋಧಿ ಬಣ್ಣ, ಐದಡಿ ಮೂರಿಂಚು. 'ರೈತನ ಹೆಸರು' ಎಂಬಲ್ಲಿ ಗುಮಾಸ್ತನದು, 'ಗ್ರಾಮ' ಅಕ್ಕೋಳ.

ಶನಿವಾರ ಗುಮಾಸ್ತ ಮಗಳ ಬಯೋಡಾಟಾವನ್ನು ಪ್ರಿಂಟರಿಗೆ ಕಳಿಸಿದ್ದ. ಹೋಗಿ ನೋಡಿದರೆ ಬಂದಿರಲಿಲ್ಲ. ನಮ್ಮ ಪ್ರಿಂಟರಿನ ಗುಣ ಗೊತ್ತಿದ್ದವನಾದ್ದರಿಂದ ಗೇಟಿನ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ಬೇರೆ ಮಾಡಿಸಿಕೊಂಡು ಹೋಗಿದ್ದ. ಬಂದಿರದೆ ಏನು, ಬಂದಿತ್ತು. ಚೀಟಿಗಳ ಕಟ್ಟಿನ ನಡುವೆ ಸೇರಿ ಹಂಚುವ ಕೌಂಟರಿಗೆ ಹೋಗಿತ್ತು. ದಿನಕ್ಕೆ ನೂರಾರು ಚೀಟಿ ಓದುವ ಕೌಂಟರಿನವನು ಹೆಸರು ಮತ್ತು ಊರು ಕೂಗಿ ಕೊಟ್ಟುಬಿಟ್ಟಿದ್ದ. ಮುಕಾದಮನಿಗೆ ಕನ್ನಡ ಬರುವುದಿಲ್ಲ, ಹಳದಿ ಬಣ್ಣ ಗೊತ್ತು.

ಮದುವೆ ಮುರಿಯಿತು, ನನ್ನ ಖುರ್ಚಿಯೂ ಮುರಿಯಿತು ಅಂದುಕೊಂಡೆ. ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ಚೀಟಿ ಓದಿದಳು. ಅಳುತ್ತಾಳೆ ಅಂದುಕೊಂಡರೆ, "ಕಾಕಾ, ತಳಿ ಬರೋಬ್ಬರಿ ಬಿದ್ದೈತಿ. ಯಾರ ಬರದಾರ ಇದನ್ನ?" ಎಂದು ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ಟೋಳಿಯ ಹೆಂಗಸರಿಗೆ ನೀರು ಕೊಡಲು ಒಳಗೆ ಹೋದಳು.

ವರನ ತಂದೆ ಮಾತ್ರ ನಿಂತಲ್ಲೇ ನಿಂತಿದ್ದ. ಕಣ್ಣು ಟ್ರ್ಯಾಕ್ಟರಿನ ಮೇಲೆ.

"ಇದು ಟೋಳಿ ಅಲ್ರೇನು?" ಅಂದ.

"ಹೌದ್ರಿ" ಅಂದ ಗುಮಾಸ್ತ, ಅಪರಾಧಿಯಂತೆ.

"ಹನ್ನೆರಡು ಜೋಡಿ ಕೊಯ್ತಾ. ನಿಮ್ಮ ಮನಿ ಬಾಗಲಕ್ಕ. ಕರೀದನ ಬಂದಾರ."

"ತಪ್ಪಾಗೈತ್ರಿ ಬೀಗರ..."

"ನಾ ಎರಡು ತಿಂಗಳಿಂದ ನಿಮ್ಮ ಕಾರ್ಖಾನಿಗೆ ಅಡ್ಡಾಡಿ ಚಪ್ಪಲಿ ಸವೆಸೀನಿ, ನನ್ನ ಕಬ್ಬಿನ ಬದುವಿಗೆ ಒಬ್ಬ ಮನುಷ್ಯಾ ಬಂದಿಲ್ಲ! ನಿಮ್ಮ ಹೊಲ ಎಷ್ಟೈತಿ?"

"ನನಗ ಹೊಲಾನ ಇಲ್ರಿ."

ವರನ ತಂದೆ ಮೆಲ್ಲಗೆ ಕುಳಿತುಕೊಂಡ. ಅವನ ಮುಖ ನೋಡಿದರೆ ದೇವರನ್ನು ಕಂಡವನ ಹಾಗಿತ್ತು. "ಹೊಲಾ ಇಲ್ಲದವರ ಮನಿಗೂ ಟೋಳಿ ಬರ್ತೈತಿ! ಹಂಗಾರ ನಿಮ್ಮ ವಶೀಲಿ ಎಷ್ಟಿರಬೇಕು!" ತಣ್ಣಗಿನ ಅವಲಕ್ಕಿಯ ತಾಟು ಎಳೆದುಕೊಂಡು ಗಬಗಬ ತಿಂದ. "ನಮಗ ಹುಡುಗಿ ಪಸಂದ. ಒಂದ ಮಾತು, ಈ ಟೋಳಿ ಇಲ್ಲಿಂದ ಸೀದಾ ನನ್ನ ಹೊಲಕ್ಕ ಬರಬೇಕು."

ಒಳಗಿನಿಂದ ಹುಡುಗಿ ಬಂದಳು. "ಮಾಮಾರಿ, ನನಗೂ ನಿಮ್ಮ ಮಗ ಪಸಂದ ಅದಾರ. ಆದರ ಕಬ್ಬು ಕಡಿಯೂದು ಕಾರ್ಖಾನಿ ಕೆಲಸ, ಅದನ್ನ ನನ್ನ ಲೆಕ್ಕಕ್ಕ ಹಚ್ಚಬ್ಯಾಡ್ರಿ." ವರ ಮೊದಲ ಸಲ ನೆಲ ಬಿಟ್ಟು ಮೇಲೆ ನೋಡಿದ, ಮತ್ತೆ ಕೆಳಗೆ ನೋಡಲೇ ಇಲ್ಲ.

ನಾನು ಅಂಗಳಕ್ಕೆ ಬಂದು ಗುಟ್ಟಾಗಿ ಮೇಡಂಗೆ ಫೋನು ಹಚ್ಚಿ ವರನ ತಂದೆಯ ಕಬ್ಬಿನ ಪಾಳಿ ಕೇಳಿದೆ. ಅವಳು ನೋಡಿ ಹೇಳಿದಳು, "ಕಾಕಾ, ಅವರ ಪಾಳಿ ಇವತ್ತ ಬಂದೈತಿ. ಇದ ಟೋಳಿಗೆ ಅವರ ಚೀಟಿ ತಯಾರ ಐತಿ." ವಶೀಲಿಯೂ ಇಲ್ಲ, ಏನೂ ಇಲ್ಲ, ಕಾಯದೆ ಪ್ರಕಾರ ಬಂದ ಪಾಳಿ. ಆದರೆ ಒಳಗೆ ಹೋಗಿ ನಾನು ಹೇಳಿದ್ದು, "ಒಂದ ಫೋನು ಮಾಡೀನಿ ನೋಡ್ರಿ. ಟೋಳಿ ಕರಕೊಂಡ ಹೋಗ್ರಿ." ಇಂಥ ಹೊತ್ತಿನಲ್ಲಿ ಪೂರ್ತಿ ನಿಜ ಹೇಳಿ ಮಂಗಳಕಾರ್ಯ ಕೆಡಿಸಬಾರದು. ವಧು ನೋಡಲು ಕಾರಿನಲ್ಲಿ ಬಂದ ಬೀಗರು, ಮುಂದೆ ತಾವು, ಹಿಂದೆ ಟ್ರ್ಯಾಕ್ಟರು, ಆಡು, ಕೋಳಿ ಸಮೇತ ದಿಬ್ಬಣದ ಹಾಗೆ ರಾಯಬಾಗ ಹಾದಿ ಹಿಡಿದರು.

ಸೋಮವಾರ. ಸುದ್ದಿ ನನಗಿಂತ ಮೊದಲೇ ಕಾರ್ಖಾನೆ ಮುಟ್ಟಿತ್ತು. ಮುಕಾದಮನ ಫೋನಿನಿಂದ ಆ ಹಳದಿ ಚೀಟಿಯ ಫೋಟೋ ಐದು ತಾಲೂಕು ಸುತ್ತಿತ್ತು. ಸಾಹೇಬರು ಒಳಗೆ ಕರೆದರು. ನಾನು ಯಾರ್ಡಿನ ಬಿಸಿಲಿಗೆಂದು ಟವೆಲ್ಲನ್ನು ಕೂಡ ಹೆಗಲಿಗೆ ಹಾಕಿಕೊಂಡೇ ಹೋಗಿದ್ದೆ.

"ಬಾಗಲಾ ಹಾಕ್ರಿ" ಅಂದರು. ಹಾಕಿದೆ.

"ಆ ಪ್ರಿಂಟರ್ ಇನ್ನೂ ಎರಡೂ ಕಡೀದು ಕಲಸಿ ಹೊಡಿತೈತಿ, ಹೌದಲ್ಲೋ?"

"ಹೌದ್ರಿ ಸಾಹೇಬ್ರ," ಮೊದಲ ಸಲ ನನ್ನ ಬಾಯಲ್ಲಿ ಒಂದೂ ದೊಡ್ಡ ಮಾತು ಹುಟ್ಟಲಿಲ್ಲ. "ತಪ್ಪು ನಂದ. ಮೇಡಂ ಕೂಡ ಕುಂತು ಇವತ್ತ ಸಂಜಿ ಒಳಗ ಸರಿ ಮಾಡಿ, ಆಮ್ಯಾಲ ಯಾರ್ಡಿಗೆ ಹೋಗ್ತೀನಿ."

"ಅದಕ್ಕ ಕೈ ಹಚ್ಚೀರಿ ಜ್ವಾಕಿ!"

ನಾನು ಬೆಚ್ಚಿದೆ. ಸಾಹೇಬರು ಬಾಗಿಲ ಕಡೆಗೊಮ್ಮೆ, ಕಿಟಕಿಯ ಕಡೆಗೊಮ್ಮೆ ನೋಡಿದರು. ಮೇಜಿನ ಖಾನೆ ಎಳೆದು, ನಾಲ್ಕು ಮಡಿಕೆ ಮಡಚಿದ ಒಂದು ಹಾಳೆ ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದೆ. ಸಾಹೇಬರ ಮಗನ ಬಯೋಡಾಟಾ.

"ಹುಡುಗಗ ಮೂವತ್ತೈದು ನಡದಾವ," ಅಂದರು, ದನಿ ಸಣ್ಣದು ಮಾಡಿ. "ಹೊಲಾ ಐತಿ, ಮನಿ ಐತಿ, ಬಂಗಾರದಂಥಾ ನೌಕರಿ ಐತಿ, ಒಂದ ಕಡೆನೂ ಕೂಡಿ ಬರವಲ್ದು. ಬಿಳಿ ಹಾಳಿ ಮ್ಯಾಲ ಕೊಟ್ಟು ಕೊಟ್ಟು ಸಾಕಾಗೈತಿ. ಬರೂ ಐತವಾರ ಮತ್ತೊಂದ ಹುಡುಗಿ ನೋಡಾಕ ಹೊಂಟೇವಿ. ಇದನ್ನ ಹಳದಿ ಚೀಟಿ ಮ್ಯಾಲ ಹೊಡಿರಿ."

ನಾನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಮತ್ತೆ ಕರೆದರು.

"ಮತ್ತ ನೋಡ್ರಿ, ಅವರ ಮನಿಗೆ ಟೋಳಿ ಸಣ್ಣದು ಕಳಸಬ್ಯಾಡ್ರಿ. ಹುಡುಗಿ ಊರು ದೊಡ್ಡದೈತಿ."